ಮಳೆಗಾಲ ಕಳೆದ ಮೇಲೂ ಕೈ ಊರದೆ ಏಳಬೇಕಾದರೆ: ಹಿರಿಯರಿಗೆ ಮನೆಯೊಳಗಿನ ವ್ಯಾಯಾಮ

ಮಲೆನಾಡಿನ ಮನೆಗಳಲ್ಲಿ ಹಿರಿಯರ ಕಾಲು ಸೋಲುವುದು ಹೆಚ್ಚಾಗಿ ಮಳೆಗಾಲದಲ್ಲಿ. ಜೂನ್‌ನಲ್ಲಿ ಮಳೆ ಹಿಡಿಯಿತು ಅಂದರೆ ಅಂಗಳಕ್ಕೆ ಹಾವಸೆ ಬರುತ್ತದೆ. ತೋಟದ ದಾರಿ ಜಾರುತ್ತದೆ. ಹಳ್ಳದ ಮೇಲಿನ ಮರದ ಸಂಕ ದಾಟುವುದಂತೂ ಬೇಡವೇ ಬೇಡ. "ಹೊರಗೆ ಹೋಗಬೇಡಿ, ಬಿದ್ದುಗಿದ್ದೀರಿ" ಎಂದು ಮನೆಯವರು ಹೇಳುತ್ತಾರೆ. ಹಿರಿಯರೂ ಬಚ್ಚಲೊಲೆ ಮುಂದೆ, ಟಿ.ವಿ. ಮುಂದೆ ಕೂತು ದಿನ ಕಳೆಯುತ್ತಾರೆ. ನಾಲ್ಕು ತಿಂಗಳು ಹೀಗೇ ಹೋಗುತ್ತದೆ. ದೀಪಾವಳಿ ಹೊತ್ತಿಗೆ ಬಿಸಿಲು ಬಂದಾಗ ಕುರ್ಚಿಯಿಂದ ಏಳಲು ಯಾರಾದರೂ ಕೈ ಹಿಡಿಯಬೇಕು. "ವಯಸ್ಸಾಯ್ತಲ್ಲ" ಎಂದು ಸುಮ್ಮನಾಗುತ್ತೇವೆ. ಅದರಲ್ಲಿ ವಯಸ್ಸಿನ ಪಾಲು ಸ್ವಲ್ಪ. ಸುಮ್ನೆ ಕೂತದ್ದರ ಪಾಲೇ ಜಾಸ್ತಿ.

ಕೂತರೆ ಎಷ್ಟು ಬೇಗ ಶಕ್ತಿ ಹೋಗುತ್ತದೆ ಎನ್ನುವುದಕ್ಕೆ ಅಮೆರಿಕದಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಆರೋಗ್ಯವಾಗಿದ್ದ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿದರು. ಅಷ್ಟರಲ್ಲೇ ಅವರ ಕಾಲುಗಳಿಂದ ಸುಮಾರು 1 ಕಿಲೋ ಮಾಂಸಖಂಡ ಕರಗಿತ್ತು. ಜ್ವರ ಬಂದು ಹತ್ತು ದಿನ ಮಲಗಿದ ಅಜ್ಜ ಆಮೇಲೆ ಮೊದಲಿನಂತೆ ಆಗಲೇ ಇಲ್ಲ ಎಂದು ನಾವು ಹೇಳುತ್ತೇವಲ್ಲ, ಕಾರಣ ಇದೇ.

ಹೋದದ್ದು ವಾಪಸ್ ಬರುತ್ತದೆ ಎನ್ನುವುದೂ ಅಷ್ಟೇ ನಿಜ. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧರ ಆರೈಕೆ ಕೇಂದ್ರದಲ್ಲಿ 90ರ ಆಸುಪಾಸಿನ ಹತ್ತು ಜನರಿಗೆ 8 ವಾರ ಕಾಲಿನ ಬಲದ ವ್ಯಾಯಾಮ ಮಾಡಿಸಿದರು. ಅವರ ತೊಡೆಯ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ ಆಯಿತು. ತೊಂಬತ್ತರಲ್ಲಿ ಆಗುವುದಾದರೆ ಎಪ್ಪತ್ತರಲ್ಲಿ ಆಗದೇ ಇರುತ್ತದಾ?

"ನಾನು ದಿನಾ ಅಂಗಳದಲ್ಲಿ ಹತ್ತು ಸುತ್ತು ನಡೆಯುತ್ತೇನಲ್ಲ, ಸಾಲದಾ?" ಎಂದು ಕೇಳುವವರು ತುಂಬಾ ಜನ. ನಡಿಗೆ ಬಿಡಬೇಡಿ. ಹೃದಯಕ್ಕೆ, ಶುಗರ್‌ಗೆ, ಮನಸ್ಸಿಗೆ ಅದು ಬೇಕೇ ಬೇಕು. ಆದರೆ ಸಮತಟ್ಟು ನೆಲದ ಮೇಲೆ ನಡೆಯುವಾಗ ತೊಡೆಗೆ ಹೆಚ್ಚು ಕೆಲಸ ಬೀಳುವುದಿಲ್ಲ. ಜನ ಬೀಳುವ ಗಳಿಗೆಗಳನ್ನು ನೋಡಿ. ಮಣೆಯಿಂದ ಏಳುವಾಗ, ಯಾರೋ ಕರೆದರೆಂದು ಗಕ್ಕನೆ ತಿರುಗುವಾಗ, ಹೊಸ್ತಿಲು ದಾಟುವಾಗ, ಬಸ್ಸಿನ ಮೊದಲ ಮೆಟ್ಟಿಲಿಗೆ ಕಾಲಿಡುವಾಗ. ಆಗೆಲ್ಲ ಮೈಭಾರ ತೊಡೆಯ ಮೇಲೆ, ಹೆಚ್ಚಿನ ಸಲ ಒಂದೇ ಕಾಲಿನ ಮೇಲೆ ಬೀಳುತ್ತದೆ. ಆ ಕಾಲಿನಲ್ಲಿ ಬಲ ಇಲ್ಲದಿದ್ದರೆ ಆಯ ತಪ್ಪುತ್ತದೆ. ಹಾಗಾಗಿ ಏಳುವುದನ್ನೂ ಒಂಟಿ ಕಾಲಲ್ಲಿ ನಿಲ್ಲುವುದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: 65 ದಾಟಿದವರು ನಡಿಗೆಯ ಜೊತೆಗೆ ವಾರಕ್ಕೆ ಕನಿಷ್ಠ 3 ದಿನ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕು.

ಶುರು ಮಾಡುವ ಮುಂಚೆ

ಇವು ಹಗುರ ವ್ಯಾಯಾಮಗಳೇ. ಆದರೂ ಕೆಲವರು ಮೊದಲು ಡಾಕ್ಟರ ಹತ್ತಿರ ಕೇಳಲೇಬೇಕು. ನಡೆದರೆ ಎದೆ ಬಿಗಿಯುವವರು, ಉಬ್ಬಸ ಬರುವವರು, ಇತ್ತೀಚೆಗೆ ಹೃದಯಾಘಾತ ಆದವರು, ಮೂಳೆ ಮುರಿದವರು, ಆಪರೇಷನ್ ಆದವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಒಂದು ವರ್ಷದಲ್ಲಿ ಎರಡು ಸಲಕ್ಕಿಂತ ಜಾಸ್ತಿ ಬಿದ್ದವರು. ಬೆನ್ನುಮೂಳೆ ತೆಳುವಾಗಿದೆ ಎಂದು ಡಾಕ್ಟರು ಹೇಳಿದ್ದರೆ ಮುಂದಕ್ಕೆ ಪೂರ್ತಿ ಬಗ್ಗುವ, ಸೊಂಟ ತಿರುಚುವ ವ್ಯಾಯಾಮ ಯಾವುದೂ ಬೇಡ. ಕೆಳಗೆ ಹೇಳಿರುವುದರಲ್ಲಿ ಅಂಥದ್ದು ಇಲ್ಲ.

ಎದ್ದ ಕೂಡಲೇ ತಲೆ ಸುತ್ತುತ್ತದೆಯಾ? ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಐದು ನಿಮಿಷ ಮಲಗಿದ್ದಾಗ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಮತ್ತೊಮ್ಮೆ, 3 ನಿಮಿಷಕ್ಕೆ ಇನ್ನೊಮ್ಮೆ ಬಿ.ಪಿ. ನೋಡಿಸಿ. ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಡಾಕ್ಟರಿಗೆ ಹೇಳಿ. ಬಿ.ಪಿ. ಮಾತ್ರೆ, ನಿದ್ದೆ ಮಾತ್ರೆ, ಮೂತ್ರ ಜಾಸ್ತಿ ಮಾಡುವ ಮಾತ್ರೆಗಳಿಂದ ಹೀಗಾಗುವುದು ಉಂಟು. ಎಷ್ಟೋ ಸಲ ಮಾತ್ರೆಯ ಪ್ರಮಾಣ ಬದಲಿಸಿದರೆ ಸರಿಹೋಗುತ್ತದೆ. ಆದರೆ ನೀವೇ ಮಾತ್ರೆ ನಿಲ್ಲಿಸಬೇಡಿ.

ಶುಗರ್ ಇರುವವರು ಖಾಲಿ ಹೊಟ್ಟೆಯಲ್ಲಿ ಮಾಡಬಾರದು. ಕೈಗೆ ಸಿಗುವಂತೆ ಸಕ್ಕರೆ ಅಥವಾ ಬೆಲ್ಲ ಇಟ್ಟುಕೊಳ್ಳಿ. ಪಾದ ಜೋಮು ಹಿಡಿದಂತೆ ಇದ್ದರೆ ನೆಲ ಎಲ್ಲಿದೆ ಎಂದು ಕಾಲಿಗೆ ಸರಿಯಾಗಿ ಗೊತ್ತಾಗುವುದಿಲ್ಲ. ಅಂಥವರು ಸಮತೋಲನದ ಭಾಗವನ್ನು ಯಾವಾಗಲೂ ಕೈ ಹಿಡಿದೇ ಮಾಡಬೇಕು. ಕಣ್ಣಿಗೆ ಪೊರೆ ಬಂದಿದ್ದರೆ ಆಪರೇಷನ್ ಮುಂದೂಡಬೇಡಿ. ಕಣ್ಣು ಮಸುಕಾದರೆ ಮೆಟ್ಟಿಲಿನ ಅಂಚು ಕಾಣದೆ ಜನ ಬೀಳುತ್ತಾರೆ.

ಜಾಗ, ಕುರ್ಚಿ, ಹೊತ್ತು

ಪ್ಲಾಸ್ಟಿಕ್ ಕುರ್ಚಿ ಬೇಡ. ನಮ್ಮ ಕಡೆಯ ನುಣುಪಾದ ಕಾವಿ ನೆಲದ ಮೇಲೆ ಅದು ಹಿಂದಕ್ಕೆ ಸರಿಯುತ್ತದೆ. ಭಾರದ ಮರದ ಕುರ್ಚಿ ಇರಲಿ, ಬೆನ್ನು ಗೋಡೆಗೆ ತಾಗಿರಲಿ. ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಬೇಕು. ನಿಂತು ಮಾಡುವುದಕ್ಕೆ ಅಡುಗೆ ಮನೆಯ ಕಟ್ಟೆ ಒಳ್ಳೆಯದು. ಕಿಟಕಿಯ ಸರಳು, ಜಗಲಿಯ ಕಂಬ ಕೂಡ ಆಗುತ್ತದೆ. ಟವೆಲ್ ಹಾಕುವ ರಾಡ್ ಹಿಡಿಯಬೇಡಿ, ಕಿತ್ತು ಬರುತ್ತದೆ.

ಸೀರೆಯಾದರೆ ನೆರಿಗೆ ಸ್ವಲ್ಪ ಎತ್ತಿ ಸೊಂಟಕ್ಕೆ ಸಿಕ್ಕಿಸಿ. ಪಂಚೆಯಾದರೆ ಮೇಲೆ ಕಟ್ಟಿಕೊಳ್ಳಿ. ಬರಿಗಾಲಿನಲ್ಲಿ ಮಾಡಬಹುದು, ಇಲ್ಲವೇ ಹಿಂದೆ ಪಟ್ಟಿ ಇರುವ ರಬ್ಬರ್ ತಳದ ಚಪ್ಪಲಿ ಹಾಕಿ. ಚಳಿ ಎಂದು ಬರೀ ಕಾಲುಚೀಲ ಹಾಕಿಕೊಂಡು ನಿಲ್ಲಬೇಡಿ, ಅದು ಜಾರುತ್ತದೆ. ಮಳೆಗಾಲದ ಥಂಡಿಗೆ ನೆಲ ಬೆವರುತ್ತದೆ, ಒರೆಸಿದ ಮೇಲೆ ಶುರು ಮಾಡಿ. ಬೆಳಗಿನ ತಿಂಡಿಯಾದ ಒಂದು ಗಂಟೆಯ ಮೇಲೆ, ಬೆಳಕು ಚೆನ್ನಾಗಿರುವಾಗ, ಮನೆಯಲ್ಲಿ ಇನ್ನೊಬ್ಬರು ಇರುವಾಗ ಮಾಡಿದರೆ ಒಳ್ಳೆಯದು. ಕರೆಂಟು ಹೋದಾಗ ಕತ್ತಲೆಯಲ್ಲಿ ಖಂಡಿತ ಬೇಡ.

ಈಗ ಎಷ್ಟು ಶಕ್ತಿ ಇದೆ, ನೋಡಿಕೊಳ್ಳಿ

ಎರಡು ಪರೀಕ್ಷೆ ಸಾಕು. ಪಕ್ಕದಲ್ಲಿ ಒಬ್ಬರು ನಿಂತಿರಲಿ.

ಮೊದಲನೆಯದು, 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಎದ್ದು ಕೂರುತ್ತೀರಿ ಎನ್ನುವುದು. ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಳ್ಳಿ. ಪೂರ್ತಿ ನೆಟ್ಟಗೆ ನಿಂತರೆ ಮಾತ್ರ ಒಂದು ಲೆಕ್ಕ. ಕೈ ಊರದೆ ಏಳಲು ಆಗದಿದ್ದರೆ ಲೆಕ್ಕ ಸೊನ್ನೆ. ಹೆಂಗಸರಾದರೆ 65ರಿಂದ 69ರ ಒಳಗೆ 11, 70ರಿಂದ 79ರವರೆಗೆ 10, 80ರಿಂದ 84ರವರೆಗೆ 9 ಸಲವಾದರೂ ಏಳಬೇಕು. ಗಂಡಸರಿಗೆ 65ರಿಂದ 74ರವರೆಗೆ 12, 75ರಿಂದ 79ರವರೆಗೆ 11, 80ರಿಂದ 84ರವರೆಗೆ 10. 85ರಿಂದ 89ರವರೆಗೆ ಇಬ್ಬರಿಗೂ 8. ಇದಕ್ಕಿಂತ ಕಡಿಮೆ ಬಂದರೆ ಬೀಳುವ ಭಯ ಇದೆ ಎಂದು ಅರ್ಥ. ಗಾಬರಿ ಬೇಡ, ಸೊನ್ನೆ ಬಂದವರಿಗೂ ಕೆಳಗೆ ದಾರಿ ಇದೆ.

ಎರಡನೆಯದು ನಿಲ್ಲುವ ಪರೀಕ್ಷೆ. ಎರಡು ಪಾದ ಜೋಡಿಸಿ 10 ಸೆಕೆಂಡು ನಿಲ್ಲಿ. ಆಮೇಲೆ ಒಂದು ಪಾದವನ್ನು ಅರ್ಧ ಮುಂದಿಟ್ಟು, ಅಂದರೆ ಅದರ ಒಳಬದಿ ಇನ್ನೊಂದು ಹೆಬ್ಬೆರಳಿಗೆ ತಾಗುವಂತೆ, 10 ಸೆಕೆಂಡು. ಮೂರನೆಯದು ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಒಂದೇ ಗೆರೆಯಲ್ಲಿ. ಕೊನೆಯದು ಒಂಟಿ ಕಾಲಲ್ಲಿ. ಮೂರನೆಯದರಲ್ಲಿ 10 ಸೆಕೆಂಡು ನಿಲ್ಲಲು ಆಗದಿದ್ದರೆ ಸಮತೋಲನದ ವ್ಯಾಯಾಮಕ್ಕೆ ಜಾಸ್ತಿ ಗಮನ ಕೊಡಿ. ಬಂದ ಲೆಕ್ಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ.

ಮೊದಲ ಹೆಜ್ಜೆ: ಮೈ ಬಿಸಿ ಮಾಡಿಕೊಳ್ಳುವುದು

ಕುರ್ಚಿಯಲ್ಲಿ ಕೂತೇ ಐದು ನಿಮಿಷ. ಒಂದೊಂದೇ ಮಂಡಿ ಎತ್ತಿ ಇಳಿಸಿ, ಕೂತಲ್ಲೇ ನಡೆದ ಹಾಗೆ. ಪಾದವನ್ನು ಮೇಲಕ್ಕೆ ಕೆಳಕ್ಕೆ ಆಡಿಸಿ. ಭುಜ ಹಿಂದಕ್ಕೆ ತಿರುಗಿಸಿ. ಕುತ್ತಿಗೆಯನ್ನು ನಿಧಾನವಾಗಿ ಎಡಕ್ಕೆ, ಬಲಕ್ಕೆ. ಅಷ್ಟೇ.

ಎರಡನೇ ಹೆಜ್ಜೆ: ಕೂತು ಏಳುವುದು

ಎಲ್ಲವನ್ನೂ ಬಿಟ್ಟು ಒಂದೇ ಮಾಡುತ್ತೀರಿ ಎಂದಾದರೆ ಇದನ್ನೇ ಮಾಡಿ. ಕಕ್ಕಸಿಗೆ ಹೋಗಿ ಬರಲು, ಬಸ್ ಹತ್ತಲು, ದೇವಸ್ಥಾನದ ಮೆಟ್ಟಿಲಿಗೆ, ಎಲ್ಲಕ್ಕೂ ಬೇಕಾದ ಬಲ ಇಲ್ಲಿಂದ ಬರುತ್ತದೆ. ಇದನ್ನು ಮೊದಲು ಹೇಳಿದಾಗ ನಮ್ಮ ಅತ್ತೆ, "ಇದೆಂಥ ಮಾರಾಯ್ತಿ, ಕೂರೋದು ಏಳೋದು ಒಂದು ವ್ಯಾಯಾಮವಾ?" ಎಂದಿದ್ದರು. ಐದನೇ ಸಲ ಏಳುವಾಗ ತೊಡೆ ನಡುಗಿತು. ಆಮೇಲೆ ಆ ಪ್ರಶ್ನೆ ಕೇಳಲಿಲ್ಲ.

ಅವರು ಏಳುತ್ತಿದ್ದ ರೀತಿ ಹೀಗಿತ್ತು. ಕುರ್ಚಿಯ ಒಳಗೆ ಪೂರ್ತಿ ಹಿಂದಕ್ಕೆ ಒರಗಿ ಕೂತಿರುತ್ತಿದ್ದರು. ಪಾದ ಎಲ್ಲೋ ಮುಂದೆ ಚಾಚಿರುತ್ತಿತ್ತು. ಎರಡು ಕೈಯನ್ನೂ ತೊಡೆಗೆ ಊರಿ, ಉಸಿರು ಬಿಗಿಹಿಡಿದು, ಒಂದೇ ಸಲ ಮೇಲೇಳಲು ನೋಡುತ್ತಿದ್ದರು. ಅರ್ಧ ಎದ್ದು ಧೊಪ್ಪನೆ ಕೂರುತ್ತಿದ್ದರು. ಶಕ್ತಿ ಕಡಿಮೆ ಇದ್ದದ್ದು ಹೌದು, ಜೊತೆಗೆ ಏಳುವ ಕ್ರಮವೇ ಸರಿ ಇರಲಿಲ್ಲ.

ಸರಿಯಾದ ಕ್ರಮ ಇದು. ಮೊದಲು ಕುರ್ಚಿಯ ಮುಂದಿನ ಅಂಚಿಗೆ ಸರಿದು ಬನ್ನಿ. ಪಾದಗಳು ಸೊಂಟದಷ್ಟು ಅಗಲ ಇರಲಿ. ಹಿಮ್ಮಡಿಯನ್ನು ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಿ. ಇದೇ ಮುಖ್ಯ. ಆಮೇಲೆ ಬೆನ್ನು ಬಾಗಿಸದೆ ಸೊಂಟದಿಂದ ಮುಂದಕ್ಕೆ ವಾಲಿ, ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು. ಭಾರ ಪಾದದ ಮೇಲೆ ಬಂದದ್ದು ಗೊತ್ತಾಗುತ್ತದೆ. ಆಗ ಉಸಿರು ಬಿಡುತ್ತಾ ನೆಲವನ್ನು ಪಾದದಿಂದ ಒತ್ತಿ ಏಳಿ. ನೆಟ್ಟಗೆ ನಿಂತು ಒಂದು ಕ್ಷಣ ತಡೆಯಿರಿ. ಕೂರುವಾಗ ಹಿಂಭಾಗವನ್ನು ಹಿಂದಕ್ಕೆ ತಳ್ಳಿ, ಮನಸ್ಸಿನಲ್ಲಿ ಒಂದರಿಂದ ಮೂರು ಎಣಿಸುತ್ತಾ ನಿಧಾನ ಇಳಿಯಿರಿ. ಅರ್ಧ ಕೆಲಸ ಆಗುವುದು ಈ ಇಳಿಯುವಾಗಲೇ. ಧೊಪ್ಪನೆ ಕೂತರೆ ಅದು ಹೋಯಿತು, ಬೆನ್ನಿಗೂ ಪೆಟ್ಟು.

ಉಸಿರು ಯಾವಾಗಲೂ ಕಟ್ಟಬಾರದು. ಬಿ.ಪಿ. ಒಮ್ಮೆಲೇ ಏರುತ್ತದೆ. ಜೋರಾಗಿ ಎಣಿಸುತ್ತಾ ಮಾಡಿದರೆ ಉಸಿರು ತಾನಾಗಿಯೇ ಆಡುತ್ತದೆ.

ಏಳಲು ಆಗದವರು ಕುರ್ಚಿಯ ಮೇಲೆ ಕಂಬಳಿ ಮಡಚಿ ಹಾಕಿ ಎತ್ತರ ಮಾಡಿಕೊಳ್ಳಿ, ಕುರ್ಚಿಯ ಕೈ ಹಿಡಿದು ಏಳಿ. 5 ಸಲ ಸಾಕು. ವಾರ ಕಳೆದಂತೆ ಎರಡು ಕೈಯಿಂದ ಒಂದು ಕೈಗೆ ಬನ್ನಿ, ಆಮೇಲೆ ಕೈ ಬಿಡಿ, ಕಂಬಳಿಯ ಒಂದೊಂದು ಮಡಿಕೆ ಕಡಿಮೆ ಮಾಡಿ. 10 ಸಲ ಆರಾಮಾಗಿ ಬಂತು ಅಂದರೆ ಎರಡು ನಿಮಿಷ ಸುಧಾರಿಸಿಕೊಂಡು ಇನ್ನೊಂದು ಸುತ್ತು ಮಾಡಿ.

ಮಂಡಿ ನೋವು ಇರುವವರು ಇದನ್ನು ಬಿಟ್ಟುಬಿಡುತ್ತಾರೆ. ಅದು ತಪ್ಪು. ಸವೆದ ಮಂಡಿಗೆ ತೊಡೆಯ ಮಾಂಸಖಂಡವೇ ಆಸರೆ. ತೊಡೆ ಸೋತಷ್ಟೂ ನೋವು ಜಾಸ್ತಿ. ಎತ್ತರದ ಆಸನದಿಂದ ಶುರು ಮಾಡಿ, ನೋವಾಗದಷ್ಟೇ ಇಳಿಯಿರಿ.

ಮೂರನೇ ಹೆಜ್ಜೆ: ಕಟ್ಟೆ ಹಿಡಿದು

ಅಡುಗೆ ಕಟ್ಟೆ ಹಿಡಿದು ನೆಟ್ಟಗೆ ನಿಲ್ಲಿ. ಎರಡೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಎರಡು ಎಣಿಸುವಷ್ಟು ನಿಂತು ನಿಧಾನ ಇಳಿಸಿ, 10 ಸಲ. ಮೀನಖಂಡಕ್ಕೆ ಇದು. ಆಮೇಲೆ ಉಲ್ಟಾ, ಹಿಮ್ಮಡಿ ಊರಿ ಪಾದದ ಮುಂಭಾಗ ಎತ್ತುವುದು. ಎಡವಿ ಬೀಳುವವರಿಗೆ ಇದು ಬಹಳ ಮುಖ್ಯ. ಪಾದದ ಮುಂಭಾಗ ಸರಿಯಾಗಿ ಏಳದಿದ್ದರೆ ಚಾಪೆಯ ಅಂಚಿಗೂ ಬೆರಳು ತಗಲುತ್ತದೆ. ಹಿಂದಕ್ಕೆ ವಾಲಿಬಿಡಬೇಡಿ, ಕೈ ಬಿಗಿಯಾಗಿರಲಿ.

ನಂತರ ಒಂದು ಕಾಲನ್ನು ಮಂಡಿ ಮಡಚದೆ ಪಕ್ಕಕ್ಕೆ ಎತ್ತಿ, ಒಂದು ಅಡಿ ಸಾಕು. ಬೆರಳು ಮುಂದಕ್ಕೇ ನೋಡುತ್ತಿರಲಿ, ಮೈ ಪಕ್ಕಕ್ಕೆ ವಾಲಬಾರದು. ಎರಡೂ ಕಾಲಿಗೆ ಎಂಟೆಂಟು ಸಲ. ಸೊಂಟದ ಪಕ್ಕದ ಸ್ನಾಯುವಿಗೆ ಇದು ಒಳ್ಳೆಯದು. ಪಕ್ಕಕ್ಕೆ ಬಿದ್ದಾಗಲೇ ಸೊಂಟದ ಮೂಳೆ ಹೆಚ್ಚಾಗಿ ಮುರಿಯುವುದು, ಅದನ್ನು ತಡೆಯಬೇಕಾದ ಸ್ನಾಯು ಇದೇ.

ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ಮಂಡಿ ನೇರ ಆಗುವವರೆಗೆ ಎತ್ತಿ ಮೂರು ಎಣಿಸಿ ಇಳಿಸುವುದೂ ಇದೆ. ಅದು ಹಗುರ ಆಯಿತು ಅನ್ನಿಸಿದಾಗ ಉದ್ದ ಬಟ್ಟೆಯ ಚೀಲ ಹೊಲಿದು ಅರ್ಧ ಕಿಲೋ ಅಕ್ಕಿಯೋ ಮರಳೋ ತುಂಬಿ ಪಾದದ ಗಂಟಿನ ಮೇಲೆ ಕಟ್ಟಿಕೊಳ್ಳಿ. ಅಂಗಡಿಯಿಂದ ತರಬೇಕು ಅಂತೇನಿಲ್ಲ.

ಮೇಲ್ಮೈಗೆ ಗೋಡೆ ಸಾಕು. ಒಂದು ತೋಳಿನಷ್ಟು ದೂರ ನಿಂತು, ಅಂಗೈ ಗೋಡೆಗೆ ಊರಿ, ಮೊಣಕೈ ಮಡಚಿ ಗೋಡೆಯ ಹತ್ತಿರ ಹೋಗಿ ವಾಪಸ್ ತಳ್ಳಿ. 8ರಿಂದ 10 ಸಲ.

ಜಗಲಿಯ ಮೆಟ್ಟಿಲು ಒಣಗಿದ್ದರೆ, ಹಿಡಿಯಲು ಕಂಬ ಇದ್ದರೆ, ಕೆಳಗಿನ ಮೆಟ್ಟಿಲೊಂದನ್ನೇ ಹತ್ತಿ ಇಳಿಯಿರಿ. ಹತ್ತುವಾಗ ಬಲ ಇರುವ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಮೊದಲ ತಿಂಗಳು ಇದು ಬೇಡ.

ನಾಲ್ಕನೇ ಹೆಜ್ಜೆ: ಆಯ ತಪ್ಪದಂತೆ

ಪರೀಕ್ಷೆಯ ನಾಲ್ಕು ನಿಲುವುಗಳೇ ಇಲ್ಲಿ ಅಭ್ಯಾಸ. ಎಲ್ಲಿ 10 ಸೆಕೆಂಡು ನಿಲ್ಲಲು ಕಷ್ಟವಾಯಿತೋ ಅಲ್ಲಿಂದ ಶುರು ಮಾಡಿ. ಮೊದಲು ಎರಡು ಕೈ ಕಟ್ಟೆಯ ಮೇಲೆ. ಆಮೇಲೆ ಒಂದು ಕೈ. ಆಮೇಲೆ ಬೆರಳ ತುದಿ. ಕೊನೆಗೆ ಕೈ ಕಟ್ಟೆಯ ಮೇಲೆ ಒಂದು ಗೇಣು ಎತ್ತರದಲ್ಲಿ, ಮುಟ್ಟದೆ, ಆದರೆ ಬೇಕೆಂದಾಗ ಹಿಡಿಯುವಂತೆ. ಸ್ವಲ್ಪ ಅಲುಗಾಡಬೇಕು. ಅಲುಗಾಡದೆ ನಿಂತರೆ ಅಭ್ಯಾಸ ಆಗುತ್ತಿಲ್ಲ ಎಂದೇ ಅರ್ಥ. ಪಾದದ ಸಣ್ಣ ಸ್ನಾಯುಗಳು ಆ ಅಲುಗಾಟದಲ್ಲೇ ಕಲಿಯುವುದು. ನೋಟ ಎದುರಿನ ಗೋಡೆಯ ಮೇಲೆ ಇರಲಿ, ಪಾದದ ಮೇಲೆ ಬೇಡ.

ಕಟ್ಟೆಯ ಉದ್ದಕ್ಕೂ ಪಕ್ಕ ಹೆಜ್ಜೆ ಹಾಕಿ, ಹತ್ತು ಆ ಕಡೆ, ಹತ್ತು ಈ ಕಡೆ. ಕಾಲು ಅಡ್ಡ ಸಿಕ್ಕಿಸಬೇಡಿ. ಆಮೇಲೆ ಗೋಡೆ ಹಿಡಿದು, ಟೈಲ್ಸಿನ ಗೆರೆ ಇದ್ದರೆ ಅದರ ಮೇಲೆ, ಹಿಮ್ಮಡಿಗೆ ಬೆರಳು ತಾಗಿಸುತ್ತಾ ನಡೆಯಿರಿ. ಹಿಂದಕ್ಕೆ ನಡೆಯುವುದನ್ನು ಇದೆಲ್ಲ ಸುಲಭ ಆದ ಮೇಲೆ ಮಾತ್ರ ಮಾಡಿ, ಅದೂ ಕಟ್ಟೆ ಹಿಡಿದು.

ನಮ್ಮ ಮನೆಗಳಿಗೆ ಇನ್ನೊಂದು ಬೇಕೇ ಬೇಕು. ಹಳೆಯ ಮನೆಯ ಹೊಸ್ತಿಲುಗಳು ಎತ್ತರ. ತೋಟದ ಬೇಲಿ ದಾಟುವ ದಣಪೆ ಇನ್ನೂ ಎತ್ತರ. ನೆಲದ ಮೇಲೆ ಒಂದು ಟವೆಲ್ ಸುರುಳಿ ಸುತ್ತಿ ಇಡಿ. ಕಟ್ಟೆ ಹಿಡಿದು ಅದನ್ನು ದಾಟಿ, ಮಂಡಿ ಚೆನ್ನಾಗಿ ಎತ್ತಿ, ಮೊದಲು ಹಿಮ್ಮಡಿ ಊರುವಂತೆ. ಹಿಂದಿನ ಕಾಲನ್ನು ಎಳೆದು ತರಬೇಡಿ, ಅದನ್ನೂ ಎತ್ತಿಯೇ ತನ್ನಿ. ಹೊಸ್ತಿಲಿಗೆ ತಗಲುವುದು ಯಾವಾಗಲೂ ಆ ಹಿಂದಿನ ಕಾಲೇ. ಟವೆಲ್ ಆದ ಮೇಲೆ ದಿಂಬು ಇಟ್ಟು ಎತ್ತರ ಹೆಚ್ಚಿಸಿ. ಅತ್ತೆಯ ಜೊತೆ ಇದನ್ನು ಮಾಡುವಾಗ ನನಗೆ ಕಂಡದ್ದು, ಅವರು ದಾಟುವ ಮುಂಚೆ ಮಾತು ನಿಲ್ಲಿಸುತ್ತಿದ್ದರು. ಗಮನ ಪೂರ್ತಿ ಕಾಲಿಗೇ ಬೇಕಿತ್ತು. ದಿನ ಕಳೆದಂತೆ ಮಾತಾಡುತ್ತಲೇ ದಾಟಿದರು. ಕಾಲು ಗಟ್ಟಿಯಾಗುತ್ತಿದೆ ಎನ್ನಲು ನನಗೆ ಅದಕ್ಕಿಂತ ಒಳ್ಳೆಯ ಗುರುತು ಸಿಗಲಿಲ್ಲ.

ಐದನೇ ಹೆಜ್ಜೆ: ನೆಲದಿಂದ ಏಳುವುದು

ಬಿದ್ದ ಪೆಟ್ಟಿಗಿಂತ, ಬಿದ್ದಲ್ಲಿಂದ ಏಳಲು ಆಗದೆ ಗಂಟೆಗಟ್ಟಲೆ ತಣ್ಣಗಿನ ನೆಲದಲ್ಲಿ ಮಲಗಿದ್ದೇ ಕೆಲವರಿಗೆ ದೊಡ್ಡ ತೊಂದರೆ ಆಗುತ್ತದೆ. ಒಂಟಿ ಮನೆಗಳಿರುವ ಊರು ನಮ್ಮದು, ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇರುವುದಿಲ್ಲ. ಅದಕ್ಕೇ ಏಳುವ ಕ್ರಮವನ್ನು ಮೊದಲೇ ಅಭ್ಯಾಸ ಮಾಡಿಟ್ಟುಕೊಳ್ಳಬೇಕು. ಜೊತೆಗೆ ಒಬ್ಬರು ಇರಲೇಬೇಕು.

ಚಾಪೆಯ ಮೇಲೆ ದಪ್ಪ ಕಂಬಳಿ ಹಾಸಿ, ಪಕ್ಕದಲ್ಲಿ ಮರದ ಕುರ್ಚಿ ಇಡಿ. ಬೆನ್ನ ಮೇಲೆ ಮಲಗಿ. ಮಂಡಿ ಮಡಚಿ ಒಂದು ಪಕ್ಕಕ್ಕೆ ಹೊರಳಿ. ಮೊಣಕೈ ಊರಿ, ಆಮೇಲೆ ಅಂಗೈ ಊರಿ ಎದ್ದು ಕೂರಿ. ಅಲ್ಲಿಂದ ಅಂಬೆಗಾಲಿಗೆ ಬನ್ನಿ. ಕುರ್ಚಿಯ ಹತ್ತಿರ ಸರಿದು ಎರಡೂ ಕೈ ಅದರ ಆಸನದ ಮೇಲೆ ಇಡಿ. ಬಲ ಇರುವ ಕಾಲನ್ನು ಮುಂದಿಟ್ಟು ಪಾದ ಊರಿ. ಕೈ ಮತ್ತು ಆ ಕಾಲು ಒಟ್ಟಿಗೆ ಒತ್ತಿ ಎದ್ದು, ತಿರುಗಿ ಕುರ್ಚಿಯಲ್ಲಿ ಕೂರಿ. ಒಂದು ನಿಮಿಷ ಸುಧಾರಿಸಿಕೊಂಡ ಮೇಲೆ ನಿಲ್ಲಿ. ಮೊಣಕಾಲು ಊರಲು ಆಗದವರು, ಮಂಡಿ ಬದಲಿಸಿದವರು ಇದನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಯುವುದು ಕ್ಷೇಮ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಬೇರೆ ಕೆಲಸಕ್ಕೆ ಹೋದಾಗ ಇದನ್ನೂ ಕೇಳಿಕೊಂಡು ಬನ್ನಿ.

ಮಣೆಯ ಮೇಲೆ ಕೂತು ಉಣ್ಣುವ ಅಭ್ಯಾಸ ಇನ್ನೂ ಇರುವವರು ಅದನ್ನು ಅವಸರದಿಂದ ಬಿಡಬೇಡಿ ಎನ್ನುವುದು ನನ್ನ ಅಭಿಪ್ರಾಯ. ಮಂಡಿ ಒಪ್ಪುತ್ತದೆ ಅನ್ನುವವರೆಗೆ ದಿನಕ್ಕೊಮ್ಮೆ ನೆಲಕ್ಕೆ ಕೂತು ಏಳುವುದು ತಾನೇ ಒಂದು ವ್ಯಾಯಾಮ.

ಎಷ್ಟು, ಯಾವಾಗ, ಹೆಚ್ಚಿಸುವುದು ಹೇಗೆ

ಬಲದ ವ್ಯಾಯಾಮ ವಾರಕ್ಕೆ 3 ದಿನ, ನಡುವೆ ಒಂದು ದಿನ ಬಿಡುವು. ಸೋಮವಾರ, ಬುಧವಾರ, ಶುಕ್ರವಾರ ಎಂದು ಇಟ್ಟುಕೊಂಡರೆ ಮರೆಯುವುದಿಲ್ಲ. ನಿಲ್ಲುವ ಅಭ್ಯಾಸ ದಿನಾ ಮಾಡಬಹುದು, ಹಾಲು ಕಾಯುವಷ್ಟು ಹೊತ್ತು ಸಾಕು. ಎಲ್ಲ ಸೇರಿ ಅರ್ಧ ಗಂಟೆ. ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು 1990ರ ದಶಕದಲ್ಲಿ ಮನೆಯಲ್ಲೇ ಮಾಡುವಂಥ ವ್ಯಾಯಾಮದ ಕ್ರಮ ರೂಪಿಸಿದರು. ಹೆಚ್ಚುಕಡಿಮೆ ಇದೇ ಲೆಕ್ಕ, ವಾರಕ್ಕೆ ಮೂರು ದಿನ ವ್ಯಾಯಾಮ, ಜೊತೆಗೆ ಎರಡು ದಿನ ನಡಿಗೆ. ಅದನ್ನು ಮಾಡಿದ ಹಿರಿಯರಲ್ಲಿ ಬೀಳುವುದು ಸುಮಾರು 35% ಕಡಿಮೆಯಾಯಿತು.

ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು. ಮಾತಾಡಲು ಆಗಬೇಕು, ಹಾಡಲು ಆಗಬಾರದು. 10 ಸಲ ಆರಾಮಾಗಿ ಬಂದರೆ ಇನ್ನೊಂದು ಸುತ್ತು ಸೇರಿಸಿ, ಇಲ್ಲವೇ ಕೈಯ ಆಸರೆ ಕಡಿಮೆ ಮಾಡಿ, ಇಲ್ಲವೇ ಭಾರ ಹೆಚ್ಚಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ವರ್ಷಗಟ್ಟಲೆ ಅದೇ ಹತ್ತು ಸಲ ಮಾಡುವವರಿಗೆ ಬಲ ಬರುವುದು ನಿಂತುಹೋಗುತ್ತದೆ.

ಮಾರನೇ ದಿನ ತೊಡೆ ಹಿಡಿದಂತೆ ನೋವಾದರೆ ಹೆದರಬೇಡಿ, ಒಂದೆರಡು ದಿನದಲ್ಲಿ ಹೋಗುತ್ತದೆ. ಕೀಲಿನ ಒಳಗೆ ಚುಚ್ಚುವ ನೋವು, ಮಂಡಿ ಊದುವುದು ಬೇರೆ. ಆ ವ್ಯಾಯಾಮ ನಿಲ್ಲಿಸಿ. ಎದೆ ಬಿಗಿತ, ತಲೆ ಸುತ್ತು, ಏದುಸಿರು ಬಂದರೆ ಅಲ್ಲೇ ಕೂತುಬಿಡಿ. ಸುಧಾರಿಸದಿದ್ದರೆ 108ಕ್ಕೆ ಫೋನ್ ಮಾಡಿಸಿ.

ಆರರಿಂದ ಎಂಟು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಆಗ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಲೆಕ್ಕದ ಪಕ್ಕ ಹೊಸ ಲೆಕ್ಕ ಬರೆಯಿರಿ. ಮಳೆ ಹಿಡಿಯುವ ಮುಂಚೆ, ಏಪ್ರಿಲ್‌ನಲ್ಲೇ ಶುರು ಮಾಡಿದವರಿಗೆ ಅನುಕೂಲ ಜಾಸ್ತಿ.

ಮನೆಯವರಿಗೆ

"ನೀವು ಕೂತ್ಕೊಳ್ಳಿ, ನಾನು ತರ್ತೀನಿ" ಎನ್ನುವುದು ಪ್ರೀತಿಯ ಮಾತೇ. ಆದರೆ ದಿನಕ್ಕೆ ಇಪ್ಪತ್ತು ಸಲ ಹಾಗೆ ಹೇಳಿದರೆ ಅವರು ಇಪ್ಪತ್ತು ಸಲ ಏಳುವುದು ತಪ್ಪುತ್ತದೆ. ನೀರಿನ ಲೋಟ ಅವರೇ ತಂದುಕೊಳ್ಳಲಿ. ಹೂ ಅವರೇ ಕೊಯ್ಯಲಿ. ಅಡಿಕೆ ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರು ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಲಿ. ಏಳಲು ಸಹಾಯ ಬೇಕಾದರೆ ರಟ್ಟೆ ಹಿಡಿದು ಎಳೆಯಬೇಡಿ, ಭುಜ ಉಳುಕುತ್ತದೆ. "ಮುಂದೆ ಸರೀರಿ, ಕಾಲು ಹಿಂದಕ್ಕೆ ಎಳ್ಕೊಳ್ಳಿ, ಮುಂದಕ್ಕೆ ವಾಲಿ" ಎಂದು ನೆನಪಿಸಿದರೆ ಎಷ್ಟೋ ಸಲ ಅವರೇ ಏಳುತ್ತಾರೆ.

ಮನೆಯನ್ನೂ ಒಮ್ಮೆ ನೋಡಿ. ಅಂಗಳದ ಹಾವಸೆಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜಿ, ನಡೆಯುವ ದಾರಿಗೆ ಅಡಿಕೆ ದಬ್ಬೆಯೋ ಸೋಗೆಯೋ ಹಾಸಿ. ಬಚ್ಚಲಲ್ಲಿ ಗೋಡೆಗೆ ಗಟ್ಟಿಯಾದ ಹಿಡಿಕೆ ಹಾಕಿಸಿ. ರಾತ್ರಿ ಕಕ್ಕಸಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ, ದಿಂಬಿನ ಪಕ್ಕ ಟಾರ್ಚು. ಎದ್ದ ಕೂಡಲೇ ನಡೆಯದೆ ಮಂಚದ ಅಂಚಲ್ಲಿ ಒಂದು ನಿಮಿಷ ಕೂತು ಪಾದ ಆಡಿಸಲಿ. ಹೊಸ್ತಿಲಿನ ಅಂಚಿಗೆ ಬಿಳಿ ಬಣ್ಣದ ಪಟ್ಟಿ ಬಳಿದರೆ ಮಸುಕು ಕಣ್ಣಿಗೂ ಕಾಣುತ್ತದೆ.

ಊಟದ ವಿಷಯಕ್ಕೆ ಬಂದರೆ, ವ್ಯಾಯಾಮ ಮಾಡಿ ರಾತ್ರಿ ಬರೀ ಗಂಜಿ, ಉಪ್ಪಿನಕಾಯಿ ತಿಂದರೆ ಮಾಂಸಖಂಡ ಬೆಳೆಯುವುದು ಯಾವುದರಿಂದ? ಹೆಸರುಕಾಳು, ಹುರುಳಿ, ತೊಗರಿಬೇಳೆ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು, ಇವುಗಳಲ್ಲಿ ಒಂದಾದರೂ ಮೂರು ಹೊತ್ತೂ ಇರಲಿ. ಕಿಡ್ನಿ ತೊಂದರೆ ಇರುವವರು ಮಾತ್ರ ಡಾಕ್ಟರನ್ನು ಕೇಳಿ. ಮಳೆಗಾಲದಲ್ಲಿ ಬಿಸಿಲೇ ಕಾಣದ ಕಡೆ ವಿಟಮಿನ್ ಡಿ ಕಡಿಮೆ ಇದೆಯೇ ಎಂದೂ ವಿಚಾರಿಸಿ.

ಯಾರಾದರೂ ಬಿದ್ದರೆ ಕೂಡಲೇ ಎತ್ತಲು ಹೋಗಬೇಡಿ. ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದ್ದರೆ, ತೊಡೆಸಂದಿಯಲ್ಲಿ ತೀರಾ ನೋವಿದ್ದರೆ ಸೊಂಟದ ಮೂಳೆ ಮುರಿದಿರಬಹುದು. ನಾಟಿ ಕಟ್ಟು ಹಾಕಿಸುತ್ತಾ ದಿನ ಕಳೆಯಬೇಡಿ, ಅದಕ್ಕೆ ಬಹುತೇಕ ಆಪರೇಷನ್ನೇ ಬೇಕು, ಬೇಗ ಆದಷ್ಟೂ ಒಳ್ಳೆಯದು. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟಾಗಿದ್ದರೆ, ಹೊರಗೆ ಗಾಯ ಕಾಣದಿದ್ದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ನಡುವೆ ಜ್ವರ ಬಂತು, ಮದುವೆ ಮನೆಗೆ ಹೋದಿರಿ, ಎರಡು ವಾರ ತಪ್ಪಿತು ಅಂದುಕೊಳ್ಳಿ. ಬಿಟ್ಟ ಕಡೆಯಿಂದಲೇ ಶುರು ಮಾಡಬೇಡಿ. ಮೊದಲಿನ ಅರ್ಧದಷ್ಟು ಲೆಕ್ಕದಿಂದ, ಕೈಯ ಆಸರೆ ಸೇರಿಸಿ ಶುರು ಮಾಡಿ. ಭಾರದ ಚೀಲ ಒಂದು ವಾರ ಪಕ್ಕಕ್ಕಿರಲಿ. ಎರಡು ಮೂರು ವಾರದಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತೀರಿ.